ಎಡಚಕ್ರಕ್ಕೆ ಹಾಕದೇ ಬಿಟ್ಟ ಪಿನ್

ರಘು, ನಿನ್ನ ಕಾರಿನ ಎಡಗಡೆಯ ಮುಂಚಕ್ರಕ್ಕೆ ಆ ಪಿನ್ನನ್ನು ನಾನು ಹಾಕಿರಲೇ ಇಲ್ಲ. ಹಾಕಿದ್ದೆ ಎಂದು ನಿನ್ನ ಮುಖ ನೋಡಿಕೊಂಡು ಹೇಳಿದ್ದು ಸುಳ್ಳು. ನಿನ್ನ ಅಮ್ಮನ ಸೊಂಟ ಮುರಿದದ್ದು ನನ್ನಿಂದ. ಮುಂದಿನದನ್ನು ನೀನು ಓದದಿದ್ದರೂ ನಡೆಯುತ್ತದೆ, ಮುಖ್ಯವಾದದ್ದು ಇಷ್ಟೇ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ ಅನ್ನಿಸಿದರೆ ಸಹಿಸಿಕೋ. ಮೊದಲಿನಿಂದ ಹೇಳದಿದ್ದರೆ ನಾನು ಎಲ್ಲೋ ಒಂದು ಕಡೆ ನುಣುಚಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಐರ್ಲೆಂಡಿನಲ್ಲಿ ಆಗ ಎಲ್ಲರ ಕೈಯಲ್ಲೂ ದುಡ್ಡು ಓಡಾಡುತ್ತಿದ್ದ ಕಾಲ. ಕಾರ್ಕ್ ನಗರದ ಹೊರಗಿನ ಬ್ಯಾಲಿನ್‌ಕೊಲಿಗ್‌ನ ನಮ್ಮ ಬಡಾವಣೆಯಲ್ಲಿ ಅರ್ಧ ಮನೆಗಳಲ್ಲಿ ಜನ, ಇನ್ನರ್ಧದಲ್ಲಿ ಸಿಮೆಂಟು ಕಲಸುವವರು. ಪ್ರತಿ ಮನೆಯ ಮುಂದೆ ಹೊಸ ನಂಬರ್ ಪ್ಲೇಟಿನ ಕಾರು. ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ನೀನು ಮಾತ್ರ ನಮ್ಮಿಬ್ಬರಿಗಿಂತ ವಯಸ್ಸಾದ ಅಮೆರಿಕದ ಕಾರೊಂದನ್ನು ತಂದು ನಿಲ್ಲಿಸಿದೆ. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಇಂಜಿನ್, ಎಡಗಡೆ ಸ್ಟೀರಿಂಗು. ನಮ್ಮನೆಯವರು ಗುಜರಿ ತಂದಿದ್ದಾರೆ ನೋಡಿ ಎಂದು ವಾಣಿ ಎಲ್ಲರಿಗೂ ಹೇಳುತ್ತಿದ್ದಳು. ಅದನ್ನು ಸ್ಟಾರ್ಟ್ ಮಾಡಿದಾಗ ಅಕ್ಕಪಕ್ಕದವರೆಲ್ಲ ಕಿಟಕಿಗೆ ಬರುತ್ತಿದ್ದರು, ಅವಳೂ ಬರುತ್ತಿದ್ದಳು.

ಇಂಜಿನ್ನಿಗೆ ಇದ್ದ ಶಕ್ತಿ ಮುಂಭಾಗಕ್ಕೆ ಇರಲಿಲ್ಲ. ಕಾರ್ಕ್‌ನ ಇಕ್ಕಟ್ಟು ರಸ್ತೆಗಳಲ್ಲಿ ತಿರುವು ಬಂದರೆ ಕಾರು ಒಂದು ಕಡೆ, ಸ್ಟೀರಿಂಗು ಇನ್ನೊಂದು ಕಡೆ. ಅದಕ್ಕೇ ನೀನು ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿಸಲು ಹೊರಟೆ: ಹೊಸ ಆರ್ಮ್‌ಗಳು, ಹೊಸ ಬಾಲ್ ಜಾಯಿಂಟ್‌ಗಳು, ಗಟ್ಟಿ ಸ್ಪ್ರಿಂಗು, ಡಿಸ್ಕ್ ಬ್ರೇಕು. ಅಮೆರಿಕದಿಂದ ಪೆಟ್ಟಿಗೆಗಳು ಬಂದ ದಿನ ನಿನ್ನ ಮುಖ ನೋಡಬೇಕಿತ್ತು. ನಾನು ಆಗ ಕಾರ್ಕ್‌ನ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಕಿರಿಯ ಡಾಕ್ಟರು. ನಿನ್ನ ಗ್ಯಾರೇಜಿಗೆ ನಾನು ಬರುತ್ತಿದ್ದದ್ದು ಚಹಾಕ್ಕೆ, ಕನ್ನಡಕ್ಕೆ, ಮತ್ತು ಬಿಳಿ ಕೋಟು ಹಾಕಿಕೊಳ್ಳದೆ ಏನನ್ನಾದರೂ ಮಾಡುವ ಆಸೆಗೆ.

"ಲೋ ಸತೀಶ, ನೀನು ಕೀಲು ಡಾಕ್ಟ್ರು. ಎಡಗಡೆ ಪೂರ್ತಿ ನಿಂದೇ, ಬಲಗಡೆ ನಂದು. ಯಾರ ಪೇಷಂಟ್ ಮೊದ್ಲು ಓಡಾಡುತ್ತೆ ನೋಡೇ ಬಿಡಣ" ಎಂದೆ ನೀನು. ಆ ಮಾತಿಗೆ ನಾನು ಉಬ್ಬಿಹೋದೆ. ಅಲ್ಲಿಂದಲೇ ಶುರು ಅನ್ನಬೇಕು.

ಬಾಲ್ ಜಾಯಿಂಟ್ ಅಂದರೆ ಚಕ್ರವನ್ನು ಹೊತ್ತ ಉಕ್ಕಿನ ತುಂಡೂ ಕೆಳಗಿನ ಆರ್ಮೂ ಸೇರುವ ಕೀಲು. ಅದರ ಬೋಲ್ಟು ಮೇಲಕ್ಕೆ ಬರುತ್ತದೆ, ಅದಕ್ಕೊಂದು ತಲೆಯಲ್ಲಿ ಸೀಳುಗಳಿರುವ ನಟ್ಟು. ನಟ್ಟನ್ನು ಪೂರ್ತಿ ಬಿಗಿದ ಮೇಲೆ ಅದರ ಸೀಳೂ ಬೋಲ್ಟಿನ ತೂತೂ ಒಂದೇ ನೇರಕ್ಕೆ ಬರುವಂತೆ ಮಾಡಿ, ಸಣ್ಣ ಪಿನ್ ತೂರಿಸಿ, ಅದರ ಕಾಲುಗಳನ್ನು ಬಗ್ಗಿಸಬೇಕು. ಅಷ್ಟಾದರೆ ನಟ್ಟು ಬಿಚ್ಚಿಕೊಳ್ಳುವ ಮಾತೇ ಇಲ್ಲ. ಮಕ್ಕಳಿಗೂ ಅರ್ಥವಾಗುವ ಕೆಲಸ.

ಮಹಾನವಮಿಯ ಹಿಂದಿನ ಸಂಜೆ ನಾನು ಆ ಕೆಲಸದಲ್ಲೇ ಇದ್ದೆ. ನಟ್ಟನ್ನು ಸುಮಾರಾಗಿ ಬಿಗಿದಿದ್ದೆ, ಪೂರ್ತಿ ಬಿಗಿದಿರಲಿಲ್ಲ. ಸೀಳು ತೂತಿನ ನೇರಕ್ಕೆ ಬಂದಿರಲಿಲ್ಲ. ನೀನು ಒಳಗೆ ಕೈ ತೊಳೆಯುತ್ತಿದ್ದೆ. ಕಮಲಮ್ಮನವರು ಹೊರಗೆ ಬಂದರು. ಮೈಸೂರಿನವರು ದಸರಾಕ್ಕೆ ಮೈಸೂರನ್ನೇ ಬಿಟ್ಟು ಬರುವುದೇ ಎಂದು ನಾವೆಲ್ಲ ರೇಗಿಸುತ್ತಿದ್ದ ನಿನ್ನ ಅಮ್ಮ, ಕೈಯಲ್ಲಿ ದೊಡ್ಡ ಸ್ಟೀಲ್ ತಟ್ಟೆ ಹಿಡಿದುಕೊಂಡು, ಬಿದ್ದಿದ್ದ ಸ್ಪ್ಯಾನರ್‌ಗಳನ್ನೆಲ್ಲ ಒಂದೊಂದಾಗಿ ಸೆರಗಿನಿಂದ ಒರೆಸಿ ಅದರಲ್ಲಿ ಜೋಡಿಸಿಕೊಂಡರು. ಕೊನೆಗೆ ನನ್ನ ಮುಂದೆ ಕೈ ಚಾಚಿದರು.

"ಸಾಕು ಕೊಡಪ್ಪ ಡಾಕ್ಟ್ರೇ. ಕತ್ಲಾಯ್ತು. ಪೂಜೆಗೆ ಇಟ್ಮೇಲೆ ವಿಜಯದಶಮಿವರ್ಗೂ ಮುಟ್ಟೋ ಹಾಗಿಲ್ಲ."

ಒಂದ್ನಿಮಿಷ ಅಮ್ಮ — ಅಷ್ಟು ಅಂದಿದ್ದರೆ ಸಾಕಿತ್ತು. ಅವರು ಖಂಡಿತ ನಿಲ್ಲುತ್ತಿದ್ದರು. ಆದರೆ ಸ್ಪ್ಯಾನರ್ ಹಿಡಿದು ಮಂಡಿಯೂರಿ ಕುಳಿತಿದ್ದ ನನಗೆ ಆ ವಯಸ್ಸಿನವರ ಚಾಚಿದ ಕೈಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಕೊಟ್ಟುಬಿಟ್ಟೆ. ಕಾರು ಹೇಗೂ ಸ್ಟ್ಯಾಂಡಿನ ಮೇಲಿದೆ, ಹಬ್ಬ ಮುಗಿದ ಮೇಲೆ ಬಿಗಿದರಾಯಿತು ಎಂದುಕೊಂಡು ಪಿನ್ನನ್ನು ಜೇಬಿಗೆ ಹಾಕಿಕೊಂಡೆ. ಇದನ್ನು ನಾನು ಕ್ಷಮಿಸಿಕೊಳ್ಳಬಲ್ಲೆ. ಆಮೇಲಿನದನ್ನು ಅಲ್ಲ.

ಮರುದಿನ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ, ಡಿಕ್ಕಿಯಲ್ಲಿದ್ದ ಜ್ಯಾಕು, ಪಾನಾದಿಂದಲೇ ನೀನು ಚಕ್ರಗಳನ್ನು ಹಾಕಿ ಕಾರನ್ನು ನೆಲಕ್ಕೆ ಇಳಿಸಿದ್ದೆ. ಸೂಪರ್‌ಮಾರ್ಕೆಟ್ಟಿನ ಸೇವಂತಿಗೆಯ ಹಾರ, ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ, ನಾಲ್ಕು ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳ ಎಲ್ಲೂ ಸಿಗದೆ, ಹ್ಯಾಲೋವೀನ್‌ಗೆಂದು ಅಂಗಡಿಗೆ ಬಂದಿದ್ದ ಕೆಂಪು ಕುಂಬಳವನ್ನೇ ಒಡೆಯಲು ತಂದಿದ್ದಿರಿ. ಕಾರ್ಕ್‌ನ ಕನ್ನಡದವರೆಲ್ಲ ಸೇರಿದ್ದರು. ಪಕ್ಕದ ಮನೆಯ ಐರಿಷ್ ಮುದುಕ ಬೇಲಿಗೆ ಒರಗಿ ನಿಂತು ನಿಂಬೆಹಣ್ಣು ಯಾಕೆ ಎಂದು ಕೇಳುತ್ತಿದ್ದ. ನಿನ್ನ ಕೈಯಲ್ಲಿ ಕೀಲಿ.

"ನಿಂದೆಲ್ಲ ಟೈಟ್ ಆಯ್ತಲ್ವಾ? ಪಿನ್ನು?"

ನಮ್ಮ ಉಪಕರಣಗಳೆಲ್ಲ ಒಳಗೆ ದೇವರ ಮುಂದೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಅವನ್ನು ಎಬ್ಬಿಸಬೇಕು, ಜ್ಯಾಕ್ ಹಾಕಬೇಕು, ಚಕ್ರ ಬಿಚ್ಚಬೇಕು — ಅಷ್ಟು ಜನರ ಎದುರು, ಡಾಕ್ಟ್ರು ಕೆಲಸ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದರು ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ. ಅದೂ ಅಲ್ಲದೆ ಕಾರು ಹೋಗುವುದು ನಿಂಬೆಹಣ್ಣಿನ ಮೇಲೆ ನಾಲ್ಕು ಅಡಿ ತಾನೇ...

"ಆಯ್ತು" ಎಂದೆ.

ಏನೂ ಆಗಲಿಲ್ಲ. ಅದೇ ನನ್ನನ್ನು ಕೆಡಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ವಿಜಯದಶಮಿಯ ದಿನ ಬಂದು ಏನಾದರೊಂದು ನೆಪ ಹೇಳಿ ಚಕ್ರ ಬಿಚ್ಚೋಣ ಎಂದುಕೊಂಡಿದ್ದೆ, ಆಸ್ಪತ್ರೆಯಲ್ಲಿ ಒಬ್ಬರಿಗೆ ಹುಷಾರಿಲ್ಲದೆ ಅವರ ಡ್ಯೂಟಿಯೂ ನನ್ನ ತಲೆಗೆ ಬಿತ್ತು. ಅದರ ಮಾರನೆಯ ದಿನ ನೀನೇ ಫೋನ್ ಮಾಡಿದೆ. "ಗುರು, ಏನ್ ಕೆಲ್ಸ ಮಾಡಿದ್ದೀಯೋ! ಹಳಿ ಮೇಲೆ ಹೋದಂಗೆ ಹೋಗುತ್ತೆ ಗಾಡಿ. ಎಡಗಡೆ ಬ್ರೇಕ್ ಒಂಚೂರು ಕಿರುಗುಡ್ತಿತ್ತು, ನಾನೇ ಚಕ್ರ ಬಿಚ್ಚಿ ಸರಿ ಮಾಡ್ದೆ. ಈಗ ಗ್ರ್ಯಾಂಡ್." ಚಕ್ರ ಬಿಚ್ಚಿದವನು ಪಿನ್ ಇಲ್ಲದ್ದನ್ನು ನೋಡಿಯೇ ಇರುತ್ತಾನೆ, ಹಾಕಿಯೇ ಇರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಬ್ರೇಕಿನ ತಟ್ಟೆಯ ಹಿಂದೆ ಅಡಗಿರುವ ಆ ನಟ್ಟು ಬಗ್ಗಿ ಹುಡುಕದೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಹೇಳಿಕೊಂಡೆ. ಒಂದು ಮಾತು ಕೇಳಬಹುದಿತ್ತು. ನೀನು ಹೊಗಳುತ್ತಿದ್ದೆಯಲ್ಲ, ನಾನು ಕೇಳಿಸಿಕೊಳ್ಳುತ್ತಾ ನಿಂತೆ.

ಆ ಭಾನುವಾರ ನೀನು ಅಮ್ಮನನ್ನು ನಿನ್ನ ಕಾರ್ಖಾನೆ ತೋರಿಸಲು, ಹಡಗು ತೋರಿಸಲು ರಿಂಗಾಸ್ಕಿಡಿಗೆ ಕರೆದುಕೊಂಡು ಹೊರಟೆ. ಬಂದರು ಇನ್ನೇನು ಕಾಣಬೇಕು ಎನ್ನುವ ತಿರುವಿನಲ್ಲಿ ನಟ್ಟು ಪೂರ್ತಿ ಬಿಚ್ಚಿಕೊಂಡು, ಕೀಲು ಕಳಚಿ, ಎಡಚಕ್ರ ಮಗುಚಿಕೊಂಡು, ಕಾರು ಕಲ್ಲಿನ ಗೋಡೆಗೆ ಹೋಯಿತು. ನಿನಗೆ ಹಣೆಯ ಮೇಲೊಂದು ಗಾಯ. ಅಮ್ಮನಿಗೆ ಸೊಂಟ. ನೀನು ಮೊದಲು ಫೋನ್ ಮಾಡಿದ್ದು ನನಗೆ.

ಆಪರೇಷನ್ ಮಾಡಿದ್ದು ನಮ್ಮ ಕನ್ಸಲ್ಟೆಂಟ್. ಪಕ್ಕದಲ್ಲಿ ನಿಂತು ನೆರವಾದವನು ನಾನು. ಹೊರಗೆ ಬಂದಾಗ ನೀನು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತೆ. ನೀನಿದ್ದಿದ್ದಕ್ಕೆ ಆಯ್ತು ಕಣೋ ಎಂದೆ. ಆ ಕೈಗಳನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ...

ಮರುದಿನ ಕಾರು ಎಳೆದುಕೊಂಡು ಹೋಗಿದ್ದ ವರ್ಕ್‌ಶಾಪಿಗೆ ಇಬ್ಬರೂ ಹೋದೆವು. ಅಲ್ಲಿನವನು ಟಾರ್ಚ್ ಬಿಟ್ಟು ನೋಡಿ, ಮೆಲ್ಲಗೆ, ಬೈಯುವ ಧಾಟಿಯೇ ಇಲ್ಲದೆ, "ನೋ ಪಿನ್ ಇನ್ ದಟ್, ಲ್ಯಾಡ್ಸ್" ಎಂದ. ನೀನು ನನ್ನ ಕಡೆ ತಿರುಗಿದೆ. ನಿನ್ನ ದನಿಯಲ್ಲಿ ಸಂಶಯ ಇರಲಿಲ್ಲ ರಘು, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

"ನೀನು ಹಾಕಿದ್ದೆ ಅಲ್ವಾ?"

"ಹಾಕಿದ್ದೆ."

ನೀನು ಬಗ್ಗಿ ಚಕ್ರದ ನಡುಭಾಗ ನೋಡಿದೆ. ಚಕ್ರದ ನಡುವಿನ ನಟ್ಟಿಗೂ ಅಂಥದೇ ಪಿನ್ ಇರುತ್ತದೆ. ಬ್ರೇಕ್ ಸರಿ ಮಾಡಲು ಬಿಚ್ಚಿದ ದಿನ ನೀನು ಅದನ್ನು ಕಿತ್ತು ಹೊಸದು ಹಾಕಿದ್ದೆ. "ಹಾಗಾದ್ರೆ ನಾನೇ ಕಿತ್ತಿದ್ದೀನಿ. ಒಂದರ ಬದಲು ಎರಡೂ ಕಿತ್ತು, ಒಂದನ್ನೇ ಹಾಕಿದ್ದೀನಿ" ಎಂದೆ. ಕಿತ್ತ ನೆನಪು ನಿನಗೆ ಇರಲಿಲ್ಲ. ಆದರೂ ನನ್ನ ಒಂದು ಮಾತು ನಂಬಿ ನಿನ್ನ ನೆನಪನ್ನೇ ಸುಳ್ಳು ಮಾಡಿಕೊಂಡೆ. ನಾನು ಎದುರಿಗೆ ನಿಂತು ನೋಡುತ್ತಿದ್ದೆ. ಬಾಯಿ ಕಟ್ಟಿಹೋಗಿತ್ತು ಎಂದು ಬರೆದರೆ ಅದೂ ಸುಳ್ಳು, ಯಾಕೆಂದರೆ ಅದೇ ಬಾಯಿಂದ ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಇನ್ನೊಂದನ್ನು ನೀನು ತಿಳಿದಿರಲಾರೆ. ವಾರ್ಡಿನಲ್ಲಿ ಒಂದು ಮಧ್ಯಾಹ್ನ, ನೀನೂ ವಾಣಿಯೂ ಇಲ್ಲದಾಗ, ಅಮ್ಮ ನನ್ನನ್ನು ಹತ್ತಿರ ಕರೆದರು.

"ರಘು ತನ್ನನ್ನ ತಾನೇ ಬೈಕೊತಾನೆ. ಅವನ್ದೇನೂ ತಪ್ಪಿಲ್ಲಪ್ಪ, ನಂದು. ಎಡಗಡೆ ನಿಂಬೆಹಣ್ಣು ಜಾರ್‌ಬಿಡ್ತು, ಒಡೀಲೇ ಇಲ್ಲ. ನಾನು ನೋಡ್ದೆ. ಅಷ್ಟು ಜನ ಖುಷಿಯಾಗಿದ್ರಲ್ಲ, ಮತ್ತೆ ಹಿಂದೆ ತಗೊಳಿ ಅನ್ನೋಕೆ ನಾಚ್ಕೆ ಆಯ್ತು, ಸುಮ್ಮನಾದೆ. ಅದಕ್ಕೇ ಹಿಂಗಾಯ್ತು. ಅವನಿಗೆ ಹೇಳ್ಬೇಡ."

ನೋಡು, ಅವರಿಗೂ ಅದೇ ನಾಚಿಕೆ, ಅದೇ ಜನ, ಅದೇ ಅಂಗಳ. ಅವರು ತಮ್ಮ ಕಡಲೆಕಾಳಿನಷ್ಟು ತಪ್ಪನ್ನು ತಂದು ನನ್ನೆದುರು ಇಟ್ಟರು. ನಾನು ಅವರ ನಾಡಿ ಹಿಡಿದುಕೊಂಡು, "ಯಾರ ತಪ್ಪೂ ಅಲ್ಲ ಅಮ್ಮ, ರೆಸ್ಟ್ ತಗೊಳ್ಳಿ" ಎಂದೆ. ಡಾಕ್ಟರ ದನಿಯಲ್ಲಿ. ಅವರು ನಂಬಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡರು.

ಅವರು ವಾಕರ್ ಹಿಡಿದು ಮೈಸೂರಿಗೆ ಹೋದರು, ನೆಲದ ಮೇಲೆ ಕುಳಿತು ಪೂಜೆ ಮಾಡಲು ಮತ್ತೆ ಆಗಲಿಲ್ಲ, ಐರ್ಲೆಂಡಿಗೆ ಮತ್ತೆ ಬರಲಿಲ್ಲ. ನೀನು ಕಾರು ಮಾರಿದೆ, ಉಪಕರಣಗಳನ್ನೆಲ್ಲ ಯಾರಿಗೋ ಕೊಟ್ಟೆ. ನಾನು ದೂರದ ಗಾಲ್ವೇ ಊರಿಗೆ ಬಂದೆ. ಒಳ್ಳೆಯ ಹುದ್ದೆ ಸಿಕ್ಕಿತೆಂದು ಎಲ್ಲರಿಗೂ ಹೇಳಿದೆ. ನಿಜವಾಗಿ ನಿನ್ನ ಮನೆಯ ಖಾಲಿ ಗ್ಯಾರೇಜಿನ ಮುಂದೆ ಹಾದುಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಅಮ್ಮ ತೀರಿಕೊಂಡ ಸುದ್ದಿ ನೀನು ಹೇಳಿದ ದಿನ ನಾನು ಫೋನ್ ಕೆಳಗಿಟ್ಟು ಅತ್ತೆ. ದುಃಖಕ್ಕೆ ಅತ್ತೆನೋ, ಇನ್ನು ಅವರಿಗೆ ಹೇಳುವ ಪ್ರಸಂಗವೇ ಇಲ್ಲವಲ್ಲ ಎಂಬ ನೆಮ್ಮದಿಗೆ ಅತ್ತೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರಿಗೆ ನಾನು ಮಾಡಿದ್ದನ್ನು ಇನ್ನು ಯಾರಿಂದಲೂ ಸರಿಪಡಿಸಲಾಗದು.

ಹೀಗೇ ಸಾಯುತ್ತಿದ್ದೆ, ನಿಜ ಹೇಳುತ್ತೇನೆ. ಆದರೆ ಹೋದ ವಾರ ನೀನು ಫೋನ್ ಮಾಡಿದೆ. ಆಗ ಹುಟ್ಟಿಯೇ ಇರದ ನಿನ್ನ ಮಗ ಅನಿ ಈಗ ಹಳೆಯದೊಂದು ಅಮೆರಿಕದ ಕಾರು ತಂದಿದ್ದಾನಂತೆ. ಮುಂದಿನ ಸಸ್ಪೆನ್ಷನ್ ಬಿಚ್ಚಬೇಕಂತೆ. ಹಿಂದಿನಿಂದ ಅವನು, "ಡ್ಯಾಡ್, ಇಟ್ಸ್ ಗ್ರ್ಯಾಂಡ್, ಐ'ಲ್ ಡು ಇಟ್ ಮೈಸೆಲ್ಫ್" ಎನ್ನುವುದು ಕೇಳಿಸುತ್ತಿತ್ತು. ಅಪ್ಪಟ ಕಾರ್ಕ್ ದನಿ.

"ನಾನಂತೂ ಮುಟ್ಟಲ್ಲ ಸತೀಶ. ನನ್ನ ಕೈ ಮೇಲೆ ನನಗೆ ನಂಬಿಕೆ ಹೋಗಿ ಎಷ್ಟೋ ವರ್ಷ ಆಯ್ತು. ನೀನೇ ಒಂದ್ಸಲ ಬಂದು ಅವನ ಜೊತೆ ನಿಂತ್ಕೊ. ನೀನು ಮಾಡಿದ್ದಾದ್ರೆ ನಾನು ಕಣ್ಣು ಮುಚ್ಚಿ ಮಗನ್ನ ಕೂರಿಸ್ತೀನಿ" ಎಂದೆ.

ಬರುತ್ತೇನೆ ಎಂದೆ ನಾನು. ಮತ್ತೆ ಅದೇ ಬಾಯಿ! ಫೋನ್ ಇಟ್ಟ ಮೇಲೆ ಈ ಕಾಗದ ಬರೆಯಲು ಕುಳಿತೆ.

ಬರುವುದು ನಿಜ. ಶನಿವಾರ ಬಂದು, ಇಲ್ಲಿ ಬರೆದಿದ್ದನ್ನೆಲ್ಲ ನಿನ್ನ ಎದುರು ನಿಂತು ಮತ್ತೊಮ್ಮೆ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಅದನ್ನು ಕೇಳಿ ನಿನ್ನ ತಲೆಯ ಮೇಲೆ ಇನ್ನೊಂದು ಭಾರ ಹೊರಿಸಲಾರೆ. ನಿನ್ನ ಕೈ ಅವತ್ತೂ ಸರಿಯಾಗಿತ್ತು, ಇವತ್ತೂ ಸರಿಯಾಗಿದೆ. ಮಗನ ಕಾರನ್ನು ನೀನೇ ಬಿಚ್ಚು ರಘು, ನೀನೇ ಜೋಡಿಸು. ನನ್ನನ್ನು ಮಾತ್ರ ಅದರ ಹತ್ತಿರ ಬಿಡಬೇಡ.