ಬಿಯರ್ ಡಬ್ಬಿಯ ಬೇರಿಂಗ್

ಆರ್ಡಿತ್ ಮಿಲ್‌ಗ್ರೋವ್ ಊರಿನ ಬೇರಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಳತೆ ನೋಡಿದವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ಕೆಂಪು ಡಬ್ಬಕ್ಕೆ ಬೀಳುತ್ತಿತ್ತು. ಫೋರ್‌ಮನ್ ಬಂದು ಗೋಗರೆದರೂ ಅವಳು ಜಪ್ಪಯ್ಯ ಅನ್ನುತ್ತಿರಲಿಲ್ಲ. ಅಂಥವಳ ಗಂಡ ಡ್ವೇನ್ ತನ್ನ ಮಿನಿಬೈಕಿನ ಸಡಿಲ ಬೇರಿಂಗಿಗೆ ಏನು ಮಾಡಿದ್ದ ಅಂತೀರಿ? ಬಿಯರ್ ಡಬ್ಬಿ ಕತ್ತರಿಸಿ ಸುತ್ತಿದ್ದ!

ಡ್ವೇನ್ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಜೂನ್ ಕೊನೆಯಲ್ಲಿ ಆರ್ಡಿತ್ ಷೆಡ್ಡಿನಲ್ಲಿ ಕೂತು, ಅರವತ್ತೊಂಬತ್ತನೇ ಇಸವಿಯ ಆ ಪುಟ್ಟ ಗಾಡಿಯ ಹ್ಯಾಂಡಲ್ ಬಿಚ್ಚಿದಳು. ಹ್ಯಾಂಡಲ್ ತಿರುಗುವ ಕತ್ತಿನ ಕೊಳವೆಯೊಳಗಿಂದ ತಗಡಿನ ಪಟ್ಟಿಗಳು ಒಂದೊಂದಾಗಿ ಹೊರಬಂದವು. ನೀಲಿ, ಕೆಂಪು, ಬಂಗಾರದ ಬಣ್ಣ. ಅದರಡಿ ಬೇರಿಂಗ್ ಕೂರುವ ಜಾಗದ ತುಂಬ ಉಳಿಯಿಂದ ಕುಕ್ಕಿದ ಚುಕ್ಕೆಗಳು. ಹಾಗೆ ಕುಕ್ಕಿದರೆ ಬೇರಿಂಗ್ ಆ ಚುಕ್ಕೆಗಳ ತುದಿಯ ಮೇಲೆ ನಾಲ್ಕು ದಿನ ನಿಂತು, ಮತ್ತೆ ಅಲ್ಲಾಡತೊಡಗುತ್ತದೆ. ಇದು ಕಾರ್ಖಾನೆಯಲ್ಲಿ ನೆಲ ಗುಡಿಸುವವನಿಗೂ ಗೊತ್ತಿತ್ತು.

"ಅಯ್ಯೋ ಪುಣ್ಯಾತ್ಮ!" ಎಂದು ಆರ್ಡಿತ್ ಖಾಲಿ ಸೀಟಿಗೇ ಬೈದಳು. "ನಲ್ವತ್ತು ವರ್ಷ ನಿನ್ ಪಕ್ಕದಲ್ಲೇ ಬಿದ್ಕೊಂಡಿದ್ನಲ್ಲೋ, ಒಂದು ಮಾತು ಕೇಳ್ಬಾರ್ದಿತ್ತಾ?"

ಕೇಳುವುದು ಹೇಗೆ? ಅದು ಗಂಡಸರ ಸಂಘದ ಪದ್ಧತಿ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಹನ್ನೆರಡು ಜನ ಕೆಂಪು ವೇಸ್ಟ್‌ಕೋಟ್ ತೊಟ್ಟು, ಮಂಡಿ ಕಿವಿಗೆ ತಾಗುವಂತೆ ಮಿನಿಬೈಕುಗಳ ಮೇಲೆ ಕೂತು, ಬೀದಿಯಲ್ಲಿ ಎಂಟರ ಆಕಾರ ಸುತ್ತುತ್ತಿದ್ದರು. ಅದಕ್ಕೆ ಮುಂಚೆ ಪ್ರತಿ ವಸಂತದಲ್ಲಿ ಸಂಘದ ಮುಖ್ಯಸ್ಥ ಗಾರ್ಲಂಡ್‌ನ ಗ್ಯಾರೇಜಿನಲ್ಲಿ ದುರಸ್ತಿ ದಿನ. ಬಿಯರ್ ಕುಡಿಯುವುದು, ಡಬ್ಬಿ ಕತ್ತರಿಸುವುದು, ಬೇರಿಂಗಿಗೆ ಸುತ್ತಿ ಸುತ್ತಿಗೆಯಲ್ಲಿ ಬಡಿಯುವುದು. ಅಲ್ಲಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ, ಅವರು ಮಾಡಿಕೊಟ್ಟ ಆಲೂಗಡ್ಡೆ ಸಲಾಡಿಗೆ ಇತ್ತು.

ಹಿಂದಿನ ವಾರ ಗಾರ್ಲಂಡ್ ಗಾಡಿ ಒಯ್ಯಲು ಬಂದಿದ್ದ.

"ಕೊಟ್ಬಿಡು ಆರ್ಡಿತ್. ಡ್ವೇನ್ ಜಾಗದಲ್ಲಿ ನನ್ ತಮ್ಮ ಓಡಿಸ್ತಾನೆ."

"ನಾನೇ ಓಡಿಸ್ತೀನಿ."

ಗಾರ್ಲಂಡ್ ನಕ್ಕ. ಅವಳು ನಗಲಿಲ್ಲ. ಆಗ ಅವನು ಇಪ್ಪತ್ತು ವರ್ಷದಿಂದ ಯಾರೂ ತೆರೆಯದ ನಿಯಮದ ಪುಸ್ತಕ ನೆನಪಿಸಿಕೊಂಡ. "ಆಯ್ತಮ್ಮ. ಮೆರವಣಿಗೆ ದಿನ ಬೆಳಿಗ್ಗೆ ಮುಂದಿನ ಚಕ್ರ ಎತ್ತಿ ಅಲ್ಲಾಡಿಸ್ತೀನಿ. ಟಕ್ ಅಂದ್ರೆ ಓಡ್ಸೋ ಹಂಗಿಲ್ಲ, ಗಾಡಿ ನನ್ ತಮ್ಮಂಗೆ. ಪುಸ್ತಕದಲ್ಲಿ ಹಂಗೇ ಇದೆ."

ಡ್ವೇನ್‌ನ ಗಾಡಿ ಟಕ್ ಅನ್ನದ ದಿನವೇ ಇರಲಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆರ್ಡಿತ್ ಅಳತೆ ಹಿಡಿದಳು. ಬೇರಿಂಗ್ ಕೂರುವ ರಂಧ್ರ ದುಂಡಗೇ ಇರಲಿಲ್ಲ, ಮೊಟ್ಟೆಯಾಗಿತ್ತು. ಬರೀ ಅಂಟು ಸುರಿದರೆ ನಿಲ್ಲುವ ಸಡಿಲವಲ್ಲ. ಕೊಳವೆಯ ಒಳಮೈಯನ್ನು ಕೈಯಲ್ಲೇ ಕೊರೆದು ದುಂಡಗೆ ಮಾಡಿದಳು. ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ತಂದಿದ್ದ ಹಳೆಯ ಲೇತಿನಲ್ಲಿ, ಒಳಗೆ ಕೂರಿಸಲು ತೆಳ್ಳನೆಯ ಉಕ್ಕಿನ ಬಳೆ ಕಡೆದಳು. ಅಳೆದು ನೋಡಿದರೆ ಒಂದೆಳೆ ಸಣ್ಣ! ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಮನಸ್ಸು ಜಾರಿತು. ಥೂ ನಿನ್ನ, ಎಂದು ತನಗೆ ತಾನೇ ಉಗಿದುಕೊಂಡು ಅದನ್ನು ರದ್ದಿ ಹಾಕುವ ಹಳೆಯ ಕಾಫಿ ಡಬ್ಬಕ್ಕೆ ಎಸೆದಳು.

ಎರಡನೆಯ ಬಳೆ ಸರಿಹೋಯಿತು. ಬೇರಿಂಗನ್ನು ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಒಂದು ದಿನ ಇಟ್ಟು ಕುಗ್ಗಿಸಿ, ಕೊಳವೆ ಬಿಸಿ ಮಾಡಿ, ಉದ್ದನೆಯ ಬೋಲ್ಟು ತಿರುಗಿಸುತ್ತ ಒಳಗೆ ಎಳೆದಳು. ಎಳ್ಳಷ್ಟೂ ಅಲ್ಲಾಡದಂತೆ ಅದು ಕೂತಿತು.

ಜುಲೈ ನಾಲ್ಕು, ಬೆಳಿಗ್ಗೆ. ಅಗ್ನಿಶಾಮಕ ಠಾಣೆಯ ಮುಂದೆ ಹನ್ನೆರಡು ಗಾಡಿಗಳು ಸಾಲಾಗಿ ನಿಂತಿದ್ದವು. ಗಾರ್ಲಂಡ್ ಆರ್ಡಿತ್‌ಳ ಗಾಡಿಯ ಮುಂಚಕ್ರ ಎತ್ತಿ ಅಲ್ಲಾಡಿಸಿದ. ಸದ್ದಿಲ್ಲ. ಜೋರಾಗಿ ಅಲ್ಲಾಡಿಸಿದ. ಮಂಡಿ ಒತ್ತಿ ಜಗ್ಗಿದ. ಅವನ ಮುಖ ವೇಸ್ಟ್‌ಕೋಟಿನ ಬಣ್ಣಕ್ಕೆ ತಿರುಗಿತು.

"ಸರಿ, ಈಗ ನಿಂದು ಎತ್ತು," ಎಂದಳು ಆರ್ಡಿತ್.

"ನಂದ್ಯಾಕೆ?"

"ಪುಸ್ತಕದಲ್ಲಿ ನನ್ ಹೆಸರೊಂದೇ ಬರ್ದಿದ್ಯಾ?"

ಅವನು ಎತ್ತುವ ತನಕ ಅವಳು ಕಾಯಲಿಲ್ಲ. ತಾನೇ ಎತ್ತಿದಳು. ಟಕ್! ಪಕ್ಕದ್ದು, ಟಕ್. ಅದರಾಚೆಯದು, ಟಕ್ ಟಕ್. ಹನ್ನೊಂದೂ ಟಕ್. ರಸ್ತೆಬದಿಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು.

"ಈಗೇನ್ ಮಾಡೋದು?" ಗಾರ್ಲಂಡ್ ಕೇಳಿದ.

"ತಳ್ಕೊಂಡ್ ಬನ್ನಿ."

ಹಾಗಾಗಿ ಆ ವರ್ಷ ಆರ್ಡಿತ್ ಒಬ್ಬಳೇ ಎಂಟರ ಆಕಾರ ಸುತ್ತಿದಳು. ಡ್ವೇನ್‌ನ ವೇಸ್ಟ್‌ಕೋಟ್ ಅವಳಿಗೆ ದೊಗಳೆಯಾಗಿತ್ತು. ಗಾಡಿಯ ಹ್ಯಾಂಡಲು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಅವಳಿಗೆ ಹೆಮ್ಮೆಯೋ ಹೆಮ್ಮೆ. ಆದರೆ ಬ್ಯಾಂಕಿನ ಮುಂದಿನ ಇಟ್ಟಿಗೆ ಹಾಸಿನ ರಸ್ತೆಗೆ ಬಂದಾಗ, ಹಿಂದೆ ತಳ್ಳಿಕೊಂಡು ಬರುತ್ತಿದ್ದ ಹನ್ನೊಂದೂ ಗಾಡಿಗಳು ಒಟ್ಟಿಗೆ ಟಕ್ ಟಕ್ ಎಂದವು. ನಲವತ್ತು ವರ್ಷ ಆ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿದೊಡನೆ ಅವಳು ಎದ್ದು ಕಾಫಿಗಿಡುತ್ತಿದ್ದಳು. ಡ್ವೇನ್‌ನ ಗಾಡಿಯಿಂದ ಇನ್ನು ಅದು ಬರುವುದಿಲ್ಲ, ಅವಳ ಕೈಯೇ ಅದನ್ನು ನಿಲ್ಲಿಸಿತ್ತು. ಕಣ್ಣೀರು ಧಾರಾಳವಾಗಿ ಇಳಿಯಿತು. ಒರೆಸಿಕೊಳ್ಳಲು ಹ್ಯಾಂಡಲ್ ಬಿಟ್ಟಳು. ಎರಡೂ ಕೈ ಬಿಟ್ಟರೂ ಗಾಡಿ ನೆಟ್ಟಗೆ ಓಡಿತು.

ಮೆರವಣಿಗೆ ಮುಗಿದಾಗ ಗಾರ್ಲಂಡ್ ಏದುಸಿರು ಬಿಡುತ್ತ ಹತ್ತಿರ ಬಂದ. "ಆರ್ಡಿತ್... ನಮ್ಮವೂ ಒಂಚೂರು ನೋಡ್ತೀಯಾ?"

"ಶನಿವಾರ ಎಲ್ಲಾರೂ ನಮ್ ಷೆಡ್ಡಿಗೆ ಬನ್ನಿ," ಎಂದಳು ಆರ್ಡಿತ್, ಮೂಗು ಒರೆಸಿಕೊಂಡು. "ಆಲೂಗಡ್ಡೆ ಸಲಾಡ್ ನೀವೇ ಮಾಡ್ಕೊಂಡ್ ಬರ್ಬೇಕು."