ಬಾಗಿಲಿಗೊಂದು ಚಿಲಕ

‘ಅಭಿವೃದ್ಧಿ ಎಂದರೇನು’ ಎಂಬ ಪ್ರಶ್ನೆಗೆ ಬಿ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದವನು ನಾನು. ಆ ಪಾಂಡಿತ್ಯದ ಬಲದಿಂದ ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಂಟುಗಳ ದಾರದ ತುದಿ ಕತ್ತರಿಸುವ ಕೆಲಸ ಸಿಕ್ಕಿತು. ಮರ್ಯಾದೆಗೆ ‘ಚೆಕಿಂಗ್ ಪರಶು’ ಅನ್ನುತ್ತಾರೆ.

ನನ್ನೆದುರಿನ ಮಷಿನ್ನು ದುರ್ಗಾದೇವಿಯದು. ನಮ್ಮ ಜಿಲ್ಲೆಯ ಕರೂರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತಿದ್ದವಳು, ಮದುವೆಯಾಗಿ ಬಳ್ಳಾರಿಗೆ ಬಂದು ಹೊಲಿಗೆ ಕಲಿತಳು. ಕೂಲಿ ಅಲ್ಲಿಗಿಂತ ಚೆನ್ನಾಗಿದೆ, ಅವಳ ಹೆಸರಿಗೇ ಬ್ಯಾಂಕಿಗೆ ಬೀಳುತ್ತದೆ. ಆದರೂ ಬೆಳಿಗ್ಗೆಯಿಂದ ಸಂಜೆತನಕ ಹನಿ ನೀರು ಕುಡಿಯುತ್ತಿರಲಿಲ್ಲ. ಹೆಂಗಸರ ಪಾಯಖಾನೆಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಕಾಯಬೇಕು. ಎರಡು ಮಷಿನ್ನು ಒಟ್ಟಿಗೆ ನಿಂತರೆ ಸಾವ್ಕಾರ ಚನ್ನಬಸವರಾಜರ ಮುಖ ಗಂಟಾಗುತ್ತಿತ್ತು.

ಅವಳಿಗೆ ಕಿಡ್ನಿಯಲ್ಲಿ ಕಲ್ಲಾಯಿತು. ನೀರು ಕುಡಿಯದಿದ್ದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಆಪರೇಷನ್ನಾಗಿ ಮಲಗಿದರೆ ಮಷಿನ್ನು ಬೇರೆಯವರ ಪಾಲು.

“ತಮ್ಮಾ, ಚಿಲಕದ್ದು ಸಾವ್ಕಾರಗ ಹೇಳೀಯೇನು?”

“ಹೇಳೀನಕ್ಕ. ಹೊಸ ಮಷಿನ್ ಬರ್ಲಿ, ಆಮ್ಯಾಲ ನೋಡೋಣು ಅಂದ್ರು.”

“ಮಷಿನ್ನಿಗೆ ದಿನಾ ಎಣ್ಣಿ ಹಾಕ್ತೀರಿ. ನಾವು ನೀರು ಕುಡ್ಯಾಕ ಮುಹೂರ್ತ ನೋಡ್ತೀರಿ.”

ನಾನು ಇಲ್ಲದ ದಾರ ಹುಡುಕತೊಡಗಿದೆ.

ಮರುದಿನ ಅವಳು ಮನೆಯಿಂದ ದೊಡ್ಡ ಕ್ಯಾನಿನಲ್ಲಿ ನೀರು ಹೊತ್ತು ತಂದಳು. ಜೀನ್ಸ್ ತೊಳೆದ ನೀಲಿ ನೀರು ನೆಲಕ್ಕೆ ಇಳಿದಿಳಿದು ಕಾರ್ಖಾನೆಯ ಬೋರಿನ ನೀರು ಕಹಿಯಾಗಿ ಎಷ್ಟೋ ದಿನವಾಗಿತ್ತು. ಸಾಲಿನ ಹೆಂಗಸರೆಲ್ಲ ಲೋಟ ಲೋಟ ಕುಡಿದರು. ಊಟದ ಹೊತ್ತಿಗೆ ಮುಂಚೆಯೇ ಸಾಲು ಖಾಲಿ.

“ಲೇ ಪರಶು, ಎಲ್ಲಾರೂ ಎಲ್ಲಿ ಹೋದ್ರೋ?” ಸಾವ್ಕಾರರು ಕೇಳಿದರು.

“ನೀರು ಕುಡದಾರ್ರಿ.”

“ಕುಡದ್ರ?”

“ಪಾಳಿ ಹಚ್ಯಾರ್ರಿ. ಒಬ್ಬಾಕಿ ಒಳಗ, ಒಬ್ಬಾಕಿ ಕಾವಲು.”

ಸಾವ್ಕಾರರು ಸದ್ದಿಲ್ಲದ ಮಷಿನ್ನುಗಳನ್ನೊಮ್ಮೆ ನೋಡಿ, ನನ್ನನ್ನು ಬ್ರೂಸ್‌ಪೇಟೆಯ ಅಂಗಡಿಗೆ ಓಡಿಸಿದರು. ಚಿಲಕ ತಂದು ನಾನೇ ಜಡಿದೆ. ಸೊಟ್ಟಗೆ ಕೂತಿತು.

“ಇದನ್ನ ಚೆಕಿಂಗ್ ಮಾಡೋರು ಯಾರಪಾ?” ಎಂದಳು ದುರ್ಗಕ್ಕ. “ಇರ್ಲಿ, ಹಾಕಿದ್ರ ಬೀಳ್ತೈತಿ, ಸಾಕು. ಬೋರಿನ ನೀರಿಂದು ನಾಳಿ ಮಾತಾಡೋಣು ಅಂತ ನಿಮ್ಮ ಸಾವ್ಕಾರಗ ಹೇಳು.”

ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಪಕ್ಕದ ಮಷಿನ್ನಿನ ಕೊಟ್ರಬಸಮ್ಮ ಎಂದಿನಂತೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಕೊಟ್ರೀ, ಅಲ್ಲೇನು ಮಾಡ್ತೀಯಲೇ? ಹೋಗು, ನಿನ್ನ ಕೆಲಸ ನೋಡು,” ಒಳಗಿಂದ ದನಿ ಬಂತು.

ಕೊಟ್ರಬಸಮ್ಮ ಬಾಗಿಲನ್ನು ಒಮ್ಮೆ ತಳ್ಳಿ ನೋಡಿ, ನಗುತ್ತಾ ಹೋದಳು.