ಅಪ್ಪನ ಜಗಲಿ ಮತ್ತು ಹಿಂದಿನ ಮನೆಗಳು

ಹಾಸನದ ನಮ್ಮ ಮನೆಯೆದುರು ಬೆಳಗಿನಿಂದ ಹಸಿ ಸಿಮೆಂಟಿನ ವಾಸನೆ. ಖಾಲಿ ಸೈಟಿನಲ್ಲಿ ಮೂರಂತಸ್ತು ಏಳುತ್ತಿದೆ, ಎಲ್ಲ ಬಾಡಿಗೆಗಂತೆ. ಪಕ್ಕದ ಮನೆಯ ಶಿವಣ್ಣ ಗೇಟಿನ ಹತ್ತಿರ ನಿಂತು, "ನಮ್ ಬಿಸ್ಲು ಓಯ್ತು ಸಾ. ನಾಳೆ ಎಲ್ರೂ ಮುನ್ಸಿಪಾಲ್ಟಿಗೆ ಓಗಿ ತಕರಾರು ಕೊಡಾವ, ನೀವೂ ಬನ್ನಿ" ಎಂದರು. ಹೂಂಗುಟ್ಟಿ ಒಳಗೆ ಬಂದು ಕೂತೆ. ಯಾಕೋ ಜಯಕ್ಕ ನೆನಪಾದಳು.

ನೀವು ಜಯಕ್ಕನನ್ನು ನೋಡಬೇಕಿತ್ತು. ಚನ್ನರಾಯಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯವಳು. ಬಟ್ಟೆ ಹೊಲಿಯುತ್ತಿದ್ದಳು, ಮೆಷಿನ್ನಿನ ಸದ್ದನ್ನೂ ಮೀರಿಸುವ ಗಂಟಲು. ನಮ್ಮೆರಡು ಮನೆಗಳ ಹಿಂದೆ ಅವಳ ಅಣ್ಣಂದಿರ ವಿಶಾಲವಾದ ಜಾಗವಿತ್ತು. ಆದರೆ ಅಲ್ಲಿಗೆ ಹೋಗಲು ನಡುವೆ ಸೈಕಲ್ ನುಸುಳುವಷ್ಟೇ ಸಂದಿ. ದಾರಿ ಅಗಲವಾಗದೆ ಮನೆ ಕಟ್ಟಲು ಲೈಸೆನ್ಸಿಲ್ಲ. ಅಣ್ಣಂದಿರ ಸಂಸಾರವೆಲ್ಲ ಒಂದೇ ಹಳೇ ಮನೆಯಲ್ಲಿ. ಅಣ್ಣನ ಮಗ ಮಂಜನಿಗೆ ಮದುವೆಯಾಗಿತ್ತು, ಮಲಗಲು ಕೋಣೆಯಿಲ್ಲದೆ ಹೆಂಡತಿ ಶಾಂತಿಗ್ರಾಮದ ತವರಲ್ಲೇ ಉಳಿದಿದ್ದಳು.

ಸಂದಿಯ ಒಂದು ಕಡೆ ಜಯಕ್ಕನ ಕಾಂಪೌಂಡು, ಇನ್ನೊಂದು ಕಡೆ ನಮ್ಮ ಜಗಲಿ. ಅದು ಅಪ್ಪನ ಪಾರ್ಲಿಮೆಂಟು. ಪೇಪರು ಹಿಡಿದು ಕೂತರೆ ದೇಶದಲ್ಲಿ ಎಲ್ಲರಿಗೂ ಸೂರು ಕೊಡಿಸದೆ ಏಳುತ್ತಿರಲಿಲ್ಲ. ಅಮ್ಮ ಊಟಕ್ಕೆ ಕರೆದರೆ ಮಾತ್ರ ಸಭೆ ಮುಂದಕ್ಕೆ ಹೋಗುತ್ತಿತ್ತು. ನಾನೂ ಅಪ್ಪನ ಮಾತುಗಳನ್ನೇ ಕಾಲೇಜಿನಲ್ಲಿ ಒಪ್ಪಿಸಿ, ಭಾಷಣಕ್ಕೆ ಒಂದು ಸ್ಟೀಲ್ ಲೋಟ ಗೆದ್ದಿದ್ದೆ.

ಒಂದು ದಿನ ಜಯಕ್ಕ ಅಪ್ಪನೆದುರು ಬಂದು ನಿಂತಳು. "ಅಣ್ಣಯ್ಯ, ಎಲ್ರಿಗೂ ಮನೆ ಬೇಕು ಅಂತ ದಿನಾ ಅಂತೀರಲ್ಲ, ಆ ಮನೆಗೆ ಓಗಾಕೆ ದಾರಿ ಎಲ್ಲಿಂದ ಬರ್ಬೇಕು?"

"ಸರ್ಕಾರ ಮಾಡ್ಲಿ ಕಣಮ್ಮ."

"ಅಡ್ಡ ಇರಾದು ಸರ್ಕಾರ ಅಲ್ಲ. ನಿಮ್ ಜಗ್ಲಿ, ನನ್ ಕಾಂಪೌಂಡು."

ಅಪ್ಪ ಪೇಪರು ಮಡಿಸಿದರು. ಅವತ್ತು ಅಮ್ಮ ಕರೆಯುವ ಮೊದಲೇ ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ಧಡ್ ಧಡ್ ಸದ್ದು. ಜಯಕ್ಕ ನಮ್ಮ ಉತ್ತರಕ್ಕೆ ಕಾಯದೆ ತನ್ನ ಕಾಂಪೌಂಡು ಒಡೆಸುತ್ತಿದ್ದಳು. ಅಪ್ಪ ಬಾಗಿಲಿಗೆ ಬಂದು ನೋಡಿದರು. ಆಮೇಲೆ ಗಾರೆಯವನನ್ನು ಕರೆದು, "ಅದಾದ್ಮೇಲೆ ಈ ಜಗ್ಲೀನೂ ತೆಗ್ದುಬುಡಪ್ಪ. ಕೂರಾಕೆ ಕುರ್ಚಿ ಐತೆ" ಎಂದರು. ಜಯಕ್ಕ ತಾನೇ ಒಳಗೆ ಹೋಗಿ ಕುರ್ಚಿ ತಂದು ಹಾಕಿದಳು.

ಲೈಸೆನ್ಸು ಸಿಕ್ಕಿತು, ಹಿಂದೆ ಸಾಲಾಗಿ ಮನೆಗಳೆದ್ದವು, ಮಂಜನ ಹೆಂಡತಿ ಬಂದಳು. ಅಪ್ಪನ ಕುರ್ಚಿಯ ಸುತ್ತ ಮೊದಲಿಗಿಂತ ಹೆಚ್ಚು ಜನ ಸೇರತೊಡಗಿದರು.

ಎದ್ದು ಹೊರಗೆ ಬಂದೆ. ಶಿವಣ್ಣ ಇನ್ನೂ ಗೇಟಿನ ಹತ್ತಿರವೇ ಇದ್ದರು. "ನಾನು ಬರಲ್ಲ ಶಿವಣ್ಣ. ನಮ್ಮನೆ ಎದ್ದಾಗ ನಿಮ್ಮ ಅಂಗಳಕ್ಕೂ ನೆರಳು ಬಿದ್ದಿತ್ತು. ನೀವು ತಕರಾರು ಮಾಡ್ಲಿಲ್ಲ."

ಶಿವಣ್ಣ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಬೈಕಿನಲ್ಲಿ ಬಂದ ಗಂಡಹೆಂಡಿರು ಏಳುತ್ತಿದ್ದ ಮನೆಯನ್ನು ತಲೆಯೆತ್ತಿ ನೋಡಿ, "ಬಾಡಿಗೆಗೆ ಕೇಳಾಕ್ ಬಂದ್ವಿ. ಇಲ್ಲಿ ನೀರು ಎಂಗೆ ಸಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಶಿವಣ್ಣ, "ನೀರಿಗೇನ್ ತೊಂದ್ರೆ ಇಲ್ಲ ಕಣಮ್ಮ" ಎಂದರು. "ಯಾವಾಗ ಬತ್ತೀರಾ?"